ನಾಯಿ, ಬೆಕ್ಕುಗಳ ಹಲ್ಲಿನ ಆರೈಕೆ: ಮನೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ನಾಯಿಯ ಬಾಯಿ ನಾರುವುದು ಸಹಜವೆಂದುಕೊಂಡು, ಊಟವನ್ನಂತೂ ಬಿಟ್ಟಿಲ್ಲವಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ವಸಡು ಕೀವಾಗಿ ಹಲ್ಲು ಅಲ್ಲಾಡುತ್ತಿದ್ದರೂ ನಾಯಿ, ಬೆಕ್ಕುಗಳು ಊಟ ಬಿಡುವುದು ಅಪರೂಪ. ಮೈಸೂರು, ಮಂಡ್ಯದ ಮನೆಗಳಲ್ಲಿ ನಾಯಿಗೆ ಸಾಮಾನ್ಯವಾಗಿ ಹಾಕುವ ಮುದ್ದೆ–ಸಾರನ್ನಾಗಲಿ, ಹಾಲು–ಅನ್ನವನ್ನಾಗಲಿ ಅಗಿಯುವ ಅಗತ್ಯವೇ ಇಲ್ಲವಾದ್ದರಿಂದ ನೋವಿನ ಸುಳಿವು ಇನ್ನೂ ತಡವಾಗಿ ಸಿಗುತ್ತದೆ. ಆದ್ದರಿಂದ ತಟ್ಟೆ ಖಾಲಿಯಾಯಿತೇ ಎಂದು ನೋಡಿದರೆ ಸಾಲದು, ತುಟಿಯನ್ನೆತ್ತಿ ಒಳಗೆ ನೋಡಬೇಕು.

ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ನೋಡಿದರೆ ಸಾಕು. ಬೆಳೆದ ನಾಯಿಗೆ 42 ಹಲ್ಲುಗಳು, ಬೆಕ್ಕಿಗೆ 30. ಮರಿಗಳ ಹಾಲುಹಲ್ಲುಗಳು ಸುಮಾರು 6–7 ತಿಂಗಳೊಳಗೆ ಬಿದ್ದುಹೋಗಬೇಕು. ಪಾಮೆರೇನಿಯನ್‌ನಂಥ ಪುಟ್ಟ ತಳಿಗಳಲ್ಲಿ ಹಾಲಿನ ಕೋರೆಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿಯುವುದುಂಟು. ಅವೆರಡರ ನಡುವೆ ಆಹಾರ ಸಿಕ್ಕಿಕೊಳ್ಳುವುದರಿಂದ ಪಶುವೈದ್ಯರಿಗೆ ತೋರಿಸಿ ಹಳೆಯದನ್ನು ಕೀಳಿಸಬೇಕು. ಆರೋಗ್ಯವಾದ ವಸಡು ತಿಳಿಗುಲಾಬಿ ಬಣ್ಣದ್ದಾಗಿರುತ್ತದೆ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಗಿದ್ದರೆ ಗಾಬರಿ ಬೇಡ. ಹಲ್ಲಿನ ಬುಡಕ್ಕೆ ತಾಗಿದಂತೆ ಕೆಂಪು ಗೆರೆ ಕಂಡರೆ ಅದು ಮೊದಲ ಎಚ್ಚರಿಕೆ. ಮೇಲಿನ ದವಡೆಯ ದೊಡ್ಡ ಹಲ್ಲಿನ ಹೊರಮೈಯನ್ನು ತಪ್ಪದೆ ನೋಡಬೇಕು, ಏಕೆಂದರೆ ಜೊಲ್ಲಿನ ನಾಳ ಅಲ್ಲೇ ತೆರೆದುಕೊಳ್ಳುವುದರಿಂದ ಕಿಟ್ಟ ಮೊದಲು ಕಟ್ಟುವುದು ಅಲ್ಲಿಯೇ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪೊರೆ ಗಟ್ಟಿಯಾಗುವಂತೆ, ಹಲ್ಲಿನ ಮೇಲಿನ ಮೆತ್ತನೆಯ ಪಾಚಿ ಜೊಲ್ಲಿನಲ್ಲಿರುವ ಖನಿಜಗಳನ್ನು ಹೀರಿ ಎರಡು ಮೂರು ದಿನಗಳಲ್ಲೇ ಗಟ್ಟಿಯಾಗುತ್ತದೆ. ಒಮ್ಮೆ ಹಾಗೆ ಕಟ್ಟಿದ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ. ದಿನವೂ ಉಜ್ಜಬೇಕು, ಅದಾಗದಿದ್ದರೆ ದಿನ ಬಿಟ್ಟು ದಿನವಾದರೂ ಉಜ್ಜಬೇಕು ಎನ್ನುವುದು ಇದೇ ಕಾರಣಕ್ಕೆ.

ಹಲ್ಲುಜ್ಜುವ ಕೆಲಸದಲ್ಲಿ ಬ್ರಷ್ ಕೊನೆಗೆ ಬರುವ ಸಾಧನ. ಮೊದಲು ಪ್ರಾಣಿಯ ಬಾಯಿಗೆ ನಮ್ಮ ಕೈಯ ರೂಢಿಯಾಗಬೇಕು. ಮೊದಲ ಕೆಲವು ದಿನ ತುಟಿಯನ್ನು ಮೇಲೆತ್ತಿ, ಕ್ಷಣಕಾಲ ಹಿಡಿದು, ಬಿಟ್ಟು, ಒಂದು ಚೂರು ಬೇಯಿಸಿದ ಕೋಳಿಯನ್ನು ಕೊಟ್ಟರೆ ಸಾಕು. ಆಮೇಲೆ ತೋರುಬೆರಳಿಗೆ ಒದ್ದೆ ಮಲ್‌ಬಟ್ಟೆಯನ್ನು ಸುತ್ತಿ ಕೋರೆಹಲ್ಲಿನ ಮೇಲೆ ಆಡಿಸಬೇಕು. ಅದಕ್ಕೂ ಒಗ್ಗಿಕೊಂಡಿತೆಂದರೆ ಮೆತ್ತನೆಯ ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ವೃತ್ತಗಳಲ್ಲಿ ಉಜ್ಜಬಹುದು. ಬಾಯಿ ತೆರೆಸುವ ಹಟ ಬೇಡ. ಬಾಯಿ ಮುಚ್ಚಿರುವಾಗಲೇ ಕೆನ್ನೆಯ ಒಳಗಿನಿಂದ ಬ್ರಷ್ ತೂರಿಸಿ ಹೊರಮೈಯನ್ನಷ್ಟೇ ಉಜ್ಜಿದರೂ ಬಹುಪಾಲು ಕೆಲಸವಾದಂತೆ, ಒಳಮೈಯನ್ನು ನಾಲಿಗೆ ಒಂದಿಷ್ಟು ನೋಡಿಕೊಳ್ಳುತ್ತದೆ. ಪ್ರಾಣಿಯ ಎದುರಿಗೆ ಕೂರುವುದಕ್ಕಿಂತ ಅದರ ಪಕ್ಕದಲ್ಲೋ ಹಿಂದೆಯೋ ಕೂತರೆ ಅದು ಕಡಿಮೆ ಹೆದರುತ್ತದೆ. ಗುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ ಮಾರನೆಯ ದಿನ ಒಂದು ಹೆಜ್ಜೆ ಹಿಂದಿನಿಂದ ಆರಂಭಿಸಬೇಕು.

ಪೇಸ್ಟು ನಾಯಿ, ಬೆಕ್ಕುಗಳಿಗೆಂದೇ ತಯಾರಿಸಿದ್ದಾಗಿರಬೇಕು. ಅವುಗಳಿಗೆ ಬಾಯಿ ಮುಕ್ಕಳಿಸಿ ಉಗಿಯಲು ಬರುವುದಿಲ್ಲ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ನಮ್ಮ ಪೇಸ್ಟಿನ ಫ್ಲೋರೈಡ್ ಅವುಗಳ ಹೊಟ್ಟೆಗೆ ಒಗ್ಗುವುದಿಲ್ಲ. ಕೆಲವು ಪೇಸ್ಟುಗಳಲ್ಲಿ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಗೆ ವಿಷ, ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಸಿಯುವಂತೆ ಮಾಡುತ್ತದೆ. ನಮ್ಮ ಕಡೆ ಮನೆಮನೆಯಲ್ಲೂ ಹೆಸರಾದ ನಂಜನಗೂಡಿನ ಹಲ್ಲುಪುಡಿಯೂ ಮನುಷ್ಯರ ಹಲ್ಲಿಗೆ ಮಾಡಿದ್ದೇ ಆದ್ದರಿಂದ ಅದನ್ನು ನಮಗೇ ಇಟ್ಟುಕೊಳ್ಳುವುದು ಒಳ್ಳೆಯದು. ಉಪ್ಪು, ಅಡುಗೆ ಸೋಡ ಬೇಡ. ಬೆಕ್ಕಿಗೆ ಲವಂಗದ ಎಣ್ಣೆಯನ್ನಂತೂ ಹಚ್ಚಲೇಬಾರದು. ಏನೂ ಸಿಗದಿದ್ದರೆ ಬರೀ ನೀರಿನಲ್ಲಿ ಅದ್ದಿದ ಬ್ರಷ್ಷೇ ಸಾಕು, ಏಕೆಂದರೆ ಪಾಚಿ ಬಿಡುವುದು ಉಜ್ಜುವಿಕೆಯಿಂದಲೇ ಹೊರತು ಪೇಸ್ಟಿನ ಪರಿಮಳದಿಂದಲ್ಲ.

ಬೆಕ್ಕಿನ ವಿಷಯದಲ್ಲಿ ಇನ್ನೊಂದು ತೊಂದರೆಯಿದೆ. ವಸಡಿನ ಅಂಚಿನಲ್ಲಿ ಹಲ್ಲು ತಾನಾಗಿಯೇ ಕರಗುತ್ತಾ ಹೋಗುವ ರೋಗ ಬೆಕ್ಕುಗಳಲ್ಲಿ ಸಾಮಾನ್ಯ. ಆ ಜಾಗಕ್ಕೆ ವಸಡು ಬೆಳೆದು ಮುಚ್ಚಿಕೊಳ್ಳುವುದರಿಂದ ಮೇಲ್ನೋಟಕ್ಕೆ ಸಣ್ಣ ಕೆಂಪು ಚುಕ್ಕೆಯಷ್ಟೇ ಕಾಣುತ್ತದೆ. ಇದು ಉಜ್ಜಿ ವಾಸಿಯಾಗುವಂಥದ್ದಲ್ಲ, ಆ ಹಲ್ಲನ್ನು ಕೀಳಿಸಬೇಕು. ಬೆಕ್ಕು ತಲೆ ವಾಲಿಸಿ ಒಂದೇ ಪಕ್ಕದಲ್ಲಿ ಅಗಿದರೆ, ಜೊಲ್ಲು ಸುರಿಸಿದರೆ, ಬಾಯಿಗೆ ಹಾಕಿದ್ದನ್ನು ಬೀಳಿಸಿದರೆ ತಡಮಾಡಬಾರದು.

ಬಾಡೂಟದ ಮರುದಿನ ನಾಯಿಗೆ ಮೂಳೆ ಹಾಕುವುದು ಮಂಡ್ಯದ ಕಡೆ ವಾಡಿಕೆ. ಮೂಳೆ ಕಡಿದರೆ ಹಲ್ಲು ಶುದ್ಧವಾಗುತ್ತದೆಂಬ ಮಾತು ಅರ್ಧ ಸತ್ಯ. ಕಿಟ್ಟ ಒಂದಿಷ್ಟು ಉದುರಬಹುದು, ಆದರೆ ಗಟ್ಟಿ ನಲ್ಲಿಮೂಳೆಯನ್ನು ಕಡಿಯುವ ಭರದಲ್ಲಿ ಮೇಲಿನ ದೊಡ್ಡ ದವಡೆ ಹಲ್ಲೇ ಸೀಳುತ್ತದೆ. ಬೆಂದ ಮೂಳೆ ಚೂಪು ಚೂರುಗಳಾಗಿ ಒಡೆದು ಗಂಟಲು, ಕರುಳನ್ನು ಗಾಯಗೊಳಿಸುತ್ತದೆ. ಹೆಬ್ಬೆರಳಿನ ಉಗುರು ಒತ್ತಿದರೆ ತಗ್ಗು ಬೀಳದ ಯಾವ ವಸ್ತುವೂ ನಾಯಿಯ ಹಲ್ಲಿಗೆ ತಕ್ಕುದಲ್ಲ. ಕಬ್ಬಿನ ಜಲ್ಲೆಯನ್ನು ಅಗಿಯುವ ನಾಯಿಗಳ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಿದೆಯೇ ಎಂದೂ ನೋಡಬೇಕು.

ಕಣ್ಣಿನ ಕೆಳಗೆ ಊತ ಕಂಡರೆ ಅದು ಬಹಳಷ್ಟು ಸಲ ಮೇಲ್ದವಡೆಯ ಹಲ್ಲಿನ ಬೇರಿನ ಕೀವು. ಇಂಥ ನೋವಿಗೆ ಮನೆಯಲ್ಲಿರುವ ಮಾತ್ರೆಯನ್ನು ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಗಟ್ಟಿ ಕಿಟ್ಟವನ್ನು ತೆಗೆಸಲು ಅರಿವಳಿಕೆ ಬೇಕೇ ಬೇಕು. ಅರಿವಳಿಕೆಯಿಲ್ಲದೆ ಕೆರೆದುಕೊಡುತ್ತೇವೆ ಎನ್ನುವವರು ಕಾಣುವ ಭಾಗವನ್ನು ಬೆಳ್ಳಗೆ ಮಾಡಿಯಾರು, ಆದರೆ ರೋಗವಿರುವುದು ವಸಡಿನ ಕೆಳಗೆ. ವಯಸ್ಸಾದ ಪ್ರಾಣಿಗೆ ಮುಂಚಿತವಾಗಿ ರಕ್ತಪರೀಕ್ಷೆ ಮಾಡಿಸಬೇಕು. ಹಲ್ಲಿನ ಎಕ್ಸ್‌ರೇ ಸೌಲಭ್ಯ ಎಲ್ಲಾ ಕಡೆ ಇರುವುದಿಲ್ಲವಾದ್ದರಿಂದ ಸಮಯ ಗೊತ್ತುಮಾಡುವ ಮುನ್ನವೇ ವಿಚಾರಿಸಿಕೊಳ್ಳುವುದು ಮೇಲು. ಹಲ್ಲು ಕೀಳಿಸಿದ ಮೇಲೆ ಕೆಲವು ದಿನ ಮೆತ್ತನೆಯ ಆಹಾರ ಕೊಟ್ಟು, ಗಾಯ ಮಾಗಿದೆಯೆಂದು ವೈದ್ಯರು ಹೇಳಿದ ನಂತರವೇ ಮತ್ತೆ ಬ್ರಷ್ ಹಿಡಿಯಬೇಕು, ಅದೂ ಮಲ್‌ಬಟ್ಟೆಯಿಂದ ಶುರುಮಾಡಿ.