ಜೂನ್‌ನಲ್ಲಿ ಸಿಡ್ನಿಗೆ ಹೊರಟಿದ್ದೀರಾ? ದಡದಲ್ಲೇ ನಿಂತು ತಿಮಿಂಗಿಲ ನೋಡಿ

ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಚಳಿಗಾಲ. ಮಕ್ಕಳ ಮನೆಗೆಂದು ಆ ದಿನಗಳಲ್ಲಿ ಸಿಡ್ನಿಗೆ ಹೋಗುವವರು ಒಂದು ದಿನವನ್ನು ಕರ್ನೆಲ್‌ನ ಕೇಪ್ ಸೊಲಾಂಡರ್ ಎಂಬ ಕಡಲಂಚಿನ ಬಂಡೆಗೆ ಮೀಸಲಿಡಲೇಬೇಕು. ಅಂಟಾರ್ಕ್ಟಿಕದಲ್ಲಿ ಬೇಸಿಗೆಯಿಡೀ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿಂದು ಕೊಬ್ಬಿದ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಉತ್ತರದ ಬೆಚ್ಚಗಿನ ನೀರಿಗೆ ಹೊರಡುವ ಕಾಲ ಅದು. ಈ ಬಂಡೆಯ ಅಂಚಿಗೆ ಹತ್ತಿರದಲ್ಲೇ ಹಾದುಹೋಗುತ್ತವೆ. ದೋಣಿ ಬೇಕಿಲ್ಲ.

ದಿನ ಆರಿಸುವುದು. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಸಂಖ್ಯೆ ಹೆಚ್ಚು. ತಾರೀಕಿಗಿಂತ ಗಾಳಿ ಮುಖ್ಯ. ಗಾಳಿಯ ವೇಗ ಗಂಟೆಗೆ 25 ಕಿ.ಮೀ. ದಾಟಿದರೆ ಅಲೆಗಳ ತುದಿಯಲ್ಲೆಲ್ಲ ಬಿಳಿ ನೊರೆ ಏಳುತ್ತದೆ. ಅದರ ನಡುವೆ ತಿಮಿಂಗಿಲದ ಉಸಿರು ಕಾಣುವುದೇ ಇಲ್ಲ. ಪಡುವಣ ಗಾಳಿ ನೆಲದ ಕಡೆಯಿಂದ ಬೀಸುವುದರಿಂದ ದಡದ ಬಳಿ ನೀರು ಸಮತಟ್ಟಾಗಿರುತ್ತದೆ, ಆದರೆ ಚಳಿ ಕೊರೆಯುತ್ತದೆ: ಟೊಪ್ಪಿ, ಸ್ವೆಟರ್, ಮೇಲೊಂದು ಗಾಳಿ ತಡೆಯುವ ಕೋಟು ಬೇಕು. ಬೆಳಿಗ್ಗೆ ಸೂರ್ಯ ನೇರ ಎದುರಿಗಿರುತ್ತಾನೆ. ಮಧ್ಯಾಹ್ನದ ಮೇಲೆ ಬೆನ್ನಿಗೆ ಬರುವುದರಿಂದ ಫೋಟೊಗೆ ಆ ಹೊತ್ತೇ ವಾಸಿ.

ಹುಡುಕುವುದು. ಬಹುತೇಕರು ಎಡವುವುದು ಇಲ್ಲೇ. ಬಂದೊಡನೆ ಬೈನಾಕ್ಯುಲರ್ ಕಣ್ಣಿಗೆ ಹಚ್ಚುತ್ತಾರೆ. ಅದರೊಳಗೆ ಸಮುದ್ರದ ಸಣ್ಣದೊಂದು ತುಣುಕು ಮಾತ್ರ ಕಾಣುತ್ತದೆ. ಮೊದಲು ಬರಿಗಣ್ಣಿನಲ್ಲೇ, ದಿಗಂತದ ಕೆಳಗಿನ ನೀರಿನ ಮೇಲೆ ನಿಧಾನವಾಗಿ ದೃಷ್ಟಿ ಹಾಯಿಸಿ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಅವು ಬರುವುದು ಬಲಗಡೆಯಿಂದ, ಹೋಗುವುದು ಎಡಕ್ಕೆ. ಮೂರು ಮೀಟರ್‌ನಷ್ಟು ಎತ್ತರಕ್ಕೆ ಚಿಮ್ಮಿ, ಕೆಲವೇ ಸೆಕೆಂಡಿನಲ್ಲಿ ಕರಗುವ ಬೆಳ್ಳನೆಯ ಆವಿಯೇ ಉಸಿರು. ಅದು ಕಂಡಮೇಲೆ ಬೈನಾಕ್ಯುಲರ್ ಎತ್ತಿ. 7x50 ಅಥವಾ 8x42 ಸಾಕು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ಗಳಲ್ಲಿ). 12ರ ಮೇಲಿನ ಶಕ್ತಿಯದಾದರೆ ಕೈ ನಡುಕಕ್ಕೆ ಚಿತ್ರವೇ ನಿಲ್ಲದು.

ನಾಲ್ಕೈದು ಸಲ ಉಸಿರಾಡಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಬಾಲ ಎತ್ತಿತೆಂದರೆ ಆಳಕ್ಕಿಳಿಯಿತು ಎಂದರ್ಥ. ಇನ್ನು ಅಲ್ಲೇ ನೋಡುತ್ತ ಕೂರಬೇಡಿ. ಗಂಟೆಗೆ 6 ಕಿ.ಮೀ. ವೇಗದಲ್ಲಿ ಸಾಗುವ ಪ್ರಾಣಿ ಐದು ನಿಮಿಷಕ್ಕೆ ಅರ್ಧ ಕಿಲೋಮೀಟರ್ ಮುಂದಿರುತ್ತದೆ. ಕಣ್ಣು ಅಷ್ಟು ಎಡಕ್ಕೆ ಸರಿಯಲಿ.

ಫೋಟೊ. ಶಟರ್ ವೇಗ ಸೆಕೆಂಡಿನ 1/1000 ಅಥವಾ ಇನ್ನೂ ಹೆಚ್ಚು, 300 ಮಿ.ಮೀ. ಲೆನ್ಸ್. ಬಾಲದ ಅಡಿಭಾಗದ ಕಪ್ಪು-ಬಿಳುಪು ಗುರುತು ಒಂದರಂತೆ ಇನ್ನೊಂದರದ್ದಿಲ್ಲ. ಆ ಗುರುತು ಸ್ಪಷ್ಟವಾಗಿ ಬಂದ ಚಿತ್ರವನ್ನು ಇಂಥ ಚಿತ್ರಗಳಿಂದ ತಿಮಿಂಗಿಲಗಳನ್ನು ಗುರುತಿಸುವ ಹ್ಯಾಪಿವೇಲ್ (Happywhale) ಜಾಲತಾಣಕ್ಕೆ ಕಳಿಸಿದರೆ, ಅದೇ ತಿಮಿಂಗಿಲ ಮೊದಲು ಎಲ್ಲಿ ಕಂಡಿತ್ತೆಂಬುದು ಸಿಕ್ಕರೂ ಸಿಗಬಹುದು.

ದೋಣಿಯಲ್ಲಿ ಹೋಗುವುದಾದರೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ತಾಯಂದಿರು ಮರಿಗಳೊಂದಿಗೆ ದಕ್ಷಿಣಕ್ಕೆ ಮರಳುತ್ತವೆ. ಆಗ ದಡದಿಂದ ದೂರ ಸಾಗುವುದು ಹೆಚ್ಚು, ದೋಣಿಯೇ ಅನುಕೂಲ. ತಲೆಸುತ್ತಿನ ಮಾತ್ರೆಯನ್ನು ಹತ್ತುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗಿ. ವಾಂತಿ ಶುರುವಾದಮೇಲೆ ಹೊಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ. ದೋಣಿಯ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ತೂಗಾಟ ಕಡಿಮೆ.

ದೋಣಿ 100 ಮೀಟರ್‌ಗಿಂತ, ಮರಿಯಿದ್ದರೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. ಈ ನಿಯಮ ಅತಿಯಾಯಿತು ಅನ್ನಿಸಿದವರಿಗೆ ಒಂದು ಲೆಕ್ಕ: ಕ್ವೀನ್ಸ್‌ಲ್ಯಾಂಡ್‌ನ ಟ್ಯಾಂಗಲೂಮಾ ತಿಮಿಂಗಿಲ ಬೇಟೆ ಕೇಂದ್ರವೊಂದೇ 1952ರಿಂದ 1962ರ ನಡುವೆ ಆರು ಸಾವಿರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದಿತು. ಈ ಕರಾವಳಿಯಲ್ಲಿ ಉಳಿದದ್ದು ಕೆಲವೇ ನೂರು. ಇಂದು ಕಾಣುವ ಹಿಂಡೆಲ್ಲ ಅವುಗಳ ಸಂತತಿ. ತಿಮಿಂಗಿಲ ತಾನಾಗಿಯೇ ದೋಣಿಯ ಬಳಿಗೆ ಬಂದರೆ ಚಾಲಕರು ಎಂಜಿನ್ನನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ. ಆಗ ಕೂಗಬೇಡಿ, ಎಲ್ಲರೂ ಒಂದೇ ಬದಿಗೆ ಓಡಬೇಡಿ, ನೀರಿಗೆ ಕೈ ಚಾಚಬೇಡಿ.