ಚಳಿಗಾಲದ ಮಾಂಟೆಸರಿ: ಒಂದು ಮೊರ ಅವರೆಕಾಯಿ

ಮಾಂಟೆಸರಿ ಶಾಲೆಗೆ ಸೇರಿದ ಮೊದಲ ಡಿಸೆಂಬರ್‌ನಲ್ಲಿ ನಾನು ಗೋಡೆ ತುಂಬ ಹತ್ತಿ ಅಂಟಿಸಿದ್ದೆ. ಹಿಮ ಬೀಳ್ತಿದೆ ಅನ್ನೋ ಲೆಕ್ಕ. ಕೆಳಗೆ ಒಬ್ಬ ಹಿಮಮಾನವ, ಅವನಿಗೆ ಕ್ಯಾರೆಟ್ ಮೂಗು. ಮೂರೂವರೆ ವರ್ಷದ ಹುಡುಗನೊಬ್ಬ ಹತ್ತಿರ ಬಂದ, ಬೆರಳಲ್ಲಿ ಮುಟ್ಟಿ ನೋಡಿದ. "ಆಂಟಿ, ದಿಂಬು ಹರಿದೋಯ್ತಾ?" ಅಂದ.

ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಿಮ ನೋಡದ ಮಗುವಿಗೆ ಹತ್ತಿ ಅಂದರೆ ಹತ್ತಿ. ಮಾಂಟೆಸರಿ ಪದ್ಧತಿ ಹೇಳುವುದೂ ಅದನ್ನೇ: ಆರು ವರ್ಷದೊಳಗಿನ ಮಗುವಿಗೆ ಮೊದಲು ನಿಜವಾದ ವಸ್ತು, ನಿಜವಾದ ಕೆಲಸ ಕೊಡಿ. ಆಮೇಲೆ ಬೇಕಾದ್ದು ಕಲ್ಪಿಸಿಕೊಳ್ಳಲಿ.

ನಮ್ಮ ಚಳಿಗಾಲದಲ್ಲಿ ಮಕ್ಕಳ ಕೈಗೆ ಸಿಗುವ ಕೆಲಸ ಬೇಕಾದಷ್ಟಿದೆ. ಅವರೆಕಾಯಿ, ಕಿತ್ತಳೆ, ಸ್ವೆಟರ್ ಗುಂಡಿ, ಸುರಿಯುವ ಮೂಗು, ಎಳ್ಳು-ಬೆಲ್ಲ. ಇದನ್ನೆಲ್ಲ ನಾವು ದೊಡ್ಡವರೇ ಅವಸರದಲ್ಲಿ ಮಾಡಿ ಮುಗಿಸಿಬಿಡುತ್ತೇವೆ. ಆಮೇಲೆ ಮಗುವಿಗೆ 'ಆಕ್ಟಿವಿಟಿ' ಹುಡುಕಿಕೊಂಡು ಫೋನ್ ಹಿಡಿಯುತ್ತೇವೆ! ಕೆಳಗಿನವೆಲ್ಲ ನಾನು ಶಾಲೆಯಲ್ಲಿ ಮಾಡಿಸುವಂಥವು. ಮನೆಯಲ್ಲೂ ಆಗುತ್ತವೆ.

ಸ್ವೆಟರ್: ಮೊದಲು ಬಿಚ್ಚಲು ಕಲಿಸಿ

ಬೆಳಗ್ಗೆ ಎಂಟೂಕಾಲಿಗೆ ವ್ಯಾನ್ ಬರುತ್ತೆ, ಮಗು ಇನ್ನೂ ಮೊದಲನೇ ಗುಂಡಿಯಲ್ಲೇ ಇರುತ್ತೆ. ಯಾರಿಗಾದರೂ ತಾಳ್ಮೆ ತಪ್ಪುತ್ತದೆ. ಹಾಗಾಗಿ ಈ ಪಾಠ ಬೆಳಗ್ಗೆ ಬೇಡ. ಸಂಜೆ ಅಥವಾ ಭಾನುವಾರ ಮಾಡಿ.

ಮಾಂಟೆಸರಿ ಶಾಲೆಗಳಲ್ಲಿ ಇದಕ್ಕೆಂದೇ ಮರದ ಚೌಕಟ್ಟುಗಳಿರುತ್ತವೆ. ಎರಡು ತುಂಡು ಬಟ್ಟೆ, ನಡುವೆ ಗುಂಡಿ. ಇನ್ನೊಂದರಲ್ಲಿ ಜಿಪ್, ಮತ್ತೊಂದರಲ್ಲಿ ಲಾಡಿ. ಮನೆಯಲ್ಲಿ ಅಪ್ಪನ ಹಳೇ ಅಂಗಿಯನ್ನು ಮೇಜಿನ ಮೇಲೆ ಹರಡಿದರೂ ಸಾಕು. ಮೊದಲು ಬಿಚ್ಚುವುದನ್ನು ಕಲಿಸಿ, ಹಾಕುವುದನ್ನಲ್ಲ. ಬಿಚ್ಚುವುದು ಸುಲಭ. ಮೇಲಿನ ಗುಂಡಿಯನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿಯಿರಿ, ಎಡಗೈಯಲ್ಲಿ ಕಾಜಾದ ಅಂಚನ್ನು ಸ್ವಲ್ಪ ಎಳೆಯಿರಿ, ಗುಂಡಿಯನ್ನು ಓರೆ ಮಾಡಿ ತೂರಿಸಿ. ಅರ್ಧ ತೂರಿದಾಗ ಒಂದು ಕ್ಷಣ ನಿಲ್ಲಿಸಿ. ಮಗು ನೋಡಬೇಕಾದ್ದು ಆ ಅರ್ಧವನ್ನೇ. ಮಾತು ಬೇಡ. ಮಾತಾಡಿದರೆ ಮಗು ನಿಮ್ಮ ಬಾಯಿ ನೋಡುತ್ತೆ, ಕೈ ನೋಡಲ್ಲ.

ಸ್ವೆಟರ್ ತೊಡುವುದಕ್ಕೆ ಒಂದು ಉಪಾಯವಿದೆ. ಮಕ್ಕಳಿಗೆ ಇದು ಜಾದೂ ಥರ ಕಾಣುತ್ತದೆ. ಮುಂದೆ ತೆರೆದುಕೊಳ್ಳುವ ಸ್ವೆಟರನ್ನು ನೆಲದ ಮೇಲೆ ಅಂಗಾತ ಹಾಸಿ, ಕಾಲರ್ ಮಗುವಿನ ಕಾಲ್ಬೆರಳ ಹತ್ತಿರ ಬರಲಿ. ಮಗು ಬಗ್ಗಿ ಎರಡೂ ಕೈಯನ್ನು ತೋಳಿನೊಳಗೆ ತೂರಿಸಿ, ಕೈ ಮೇಲೆತ್ತಿ ತಲೆಯ ಹಿಂದಕ್ಕೆ ಹಾರಿಸಬೇಕು. ಸ್ವೆಟರ್ ತಾನಾಗಿ ಬೆನ್ನಿಗೆ ಬೀಳುತ್ತದೆ. ತಲೆಕೆಳಗಾಗಿ ಬಂದರೆ ಕಾಲರ್ ಆ ಕಡೆಗಿತ್ತು ಅಂತರ್ಥ. ಜಿಪ್‌ನ ಕೆಳತುದಿ ಸೇರಿಸುವುದು ಮೂರು ವರ್ಷದವರಿಗೆ ಕಷ್ಟ, ಅದನ್ನು ನೀವು ಮಾಡಿಕೊಡಿ. ಎಳೆಯುವುದು ಅವರ ಕೆಲಸ. ಮಂಕಿ ಕ್ಯಾಪ್ ಬಗ್ಗೆ ನಾನೇನೂ ಹೇಳಲ್ಲ, ಅದು ಅಜ್ಜಿಯಂದಿರ ಇಲಾಖೆ.

ಮೂಗು ಸೀಟುವ ಪಾಠ

ಇದು ಶಾಲೆಯ ಪಾಠವಾ ಅಂತ ಕೇಳಬೇಡಿ. ಈ ಪದ್ಧತಿ ಶುರುಮಾಡಿದ ಮರಿಯಾ ಮಾಂಟೆಸರಿ ತಮ್ಮ ಮೊದಲ ಶಾಲೆ 'ಮಕ್ಕಳ ಮನೆ' ತೆರೆದದ್ದು 1907ರ ಜನವರಿ 6ರಂದು, ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ಅದೂ ಚಳಿಗಾಲವೇ. ಅಲ್ಲಿನ ಮಕ್ಕಳಿಗೆ ಅವರು ಒಂದು ದಿನ ಮೂಗು ಸೀಟುವುದು ಹೇಗೆ ಅಂತ ತೋರಿಸಿಕೊಟ್ಟರು. ಸದ್ದು ಮಾಡದೆ, ಕರವಸ್ತ್ರ ಮರೆಮಾಡಿಕೊಂಡು, ಸ್ವಲ್ಪ ತಮಾಷೆಯಾಗಿ. ನಗುತ್ತಾರೆ ಅಂದುಕೊಂಡಿದ್ದರೆ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರಂತೆ. ಮೂಗಿನ ವಿಷಯಕ್ಕೆ ದಿನಾ ಬೈಸಿಕೊಳ್ಳುವ ಮಕ್ಕಳಿಗೆ ಸಮಾಧಾನವಾಗಿ ಹೇಳಿಕೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮಗುವಿನ ಎತ್ತರಕ್ಕೆ ಒಂದು ಕನ್ನಡಿ ತೂಗುಹಾಕಿ. ಪಕ್ಕದಲ್ಲಿ ಮೆತ್ತನೆ ಬಟ್ಟೆಯ ತುಂಡುಗಳು, ಕೆಳಗೆ ಮುಚ್ಚಳದ ಡಬ್ಬಿ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಒಂದು ಹೊಳ್ಳೆ ಒತ್ತಿ ಇನ್ನೊಂದರಿಂದ ಮೆಲ್ಲಗೆ ಸೀಟಿ, ಆಮೇಲೆ ಇನ್ನೊಂದು ಕಡೆ. ಕನ್ನಡಿ ನೋಡಿ ಒರೆಸಿ, ಬಟ್ಟೆ ಡಬ್ಬಿಗೆ ಹಾಕಿ, ಕೈ ತೊಳೆಯಿರಿ. ಇಷ್ಟೇ. "ಥೂ" ಅನ್ನಬೇಡಿ, ಅಷ್ಟು ಸಾಕು.

ಅವರೆಕಾಯಿ

ಈಗ ನನ್ನ ಇಷ್ಟದ ವಿಷಯಕ್ಕೆ ಬಂದೆ. ಇಡೀ ಮಾಂಟೆಸರಿ ಶಾಲೆಯನ್ನು ಒಂದು ಮೊರದಲ್ಲಿ ತುಂಬಿಕೊಡಿ ಅಂದರೆ ನಾನು ಅವರೆಕಾಯಿ ಕೊಡುತ್ತೇನೆ. ಬೆರಳಿಗೆ ಕೆಲಸ, ಮೂಗಿಗೆ ಸೊಗಡು, ಎಣಿಸಲು ಕಾಳು, ಕೊನೆಗೆ ಊಟ. ಯಾವ ದುಬಾರಿ ಸಲಕರಣೆಯಲ್ಲಿ ಇಷ್ಟೆಲ್ಲ ಇದೆ ಹೇಳಿ.

ಡಿಸೆಂಬರ್, ಜನವರಿಯಲ್ಲಿ ತರಿಸಿ. ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಮಾಗಡಿ ಕಡೆಯವರು ಹೇಳುತ್ತಾರೆ. ಒಂದು ಮಗುವಿಗೆ ಎರಡು ಹಿಡಿ ಸಾಕು. ಒಂದು ಚಾಪೆ, ಒಂದು ತಟ್ಟೆಯಲ್ಲಿ ಕಾಯಿ, ಕಾಳಿಗೊಂದು ಬಟ್ಟಲು, ಸಿಪ್ಪೆಗೊಂದು ಬುಟ್ಟಿ. ಎಡದಿಂದ ಬಲಕ್ಕೆ ಜೋಡಿಸಿ: ಕಾಯಿ, ಬಟ್ಟಲು, ಬುಟ್ಟಿ. ನಾಳೆ ಓದುವಾಗ, ಬರೆಯುವಾಗ ಕಣ್ಣು ಹೋಗಬೇಕಾದ ದಿಕ್ಕೂ ಅದೇ, ಹಾಗಾಗಿ.

ನೀವು ಒಂದು ಕಾಯಿ ಬಿಡಿಸಿ ತೋರಿಸಿ, ತುಂಬಾ ನಿಧಾನವಾಗಿ. ತೊಟ್ಟಿನ ತುದಿ ಮುರಿದು ನಾರು ಎಳೆಯಿರಿ. ಹೆಬ್ಬೆರಳಿಂದ ಒತ್ತಿದಾಗ ಕಾಯಿ ಬಿರಿಯುತ್ತದೆ. ಕಾಳನ್ನು ಒಂದೊಂದಾಗಿ ಬಟ್ಟಲಿಗೆ ಬೀಳಿಸಿ. ಟಣ್ ಅನ್ನುವ ಸದ್ದಿಗಾಗಿ ಸ್ಟೀಲ್ ಬಟ್ಟಲೇ ಇರಲಿ. ಸಿಪ್ಪೆ ಬುಟ್ಟಿಗೆ. ಆಮೇಲೆ "ಈಗ ನೀನು" ಅಂತ ಹೇಳಿ ಎದ್ದುಹೋಗಿ. ನಿಜವಾಗಲೂ ಎದ್ದುಹೋಗಿ. ಪಕ್ಕದಲ್ಲೇ ಕೂತರೆ ನಿಮ್ಮ ಕೈ ಸುಮ್ನೆ ಇರಲ್ಲ.

ಮೂರು ವರ್ಷದವರಿಗೆ ಹಸಿ ಕಾಯಿ ಬಿಡಿಸುವುದಕ್ಕಿಂತ ಹಿತಕುವುದೇ ಸುಲಭ. ಬಿಡಿಸಿದ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಬೆಳಗ್ಗೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಹಾರಲಿ. ಮೊದಲ ಹತ್ತು ನಿಮಿಷ ನೆಲದ ಮೇಲೆಲ್ಲ ಬೇಳೆ. ಆಮೇಲೆ ಮಗು ಎಷ್ಟು ಒತ್ತಬೇಕು ಅಂತ ತಾನೇ ಕಂಡುಕೊಳ್ಳುತ್ತೆ. ಪೆನ್ಸಿಲ್ ಹಿಡಿಯುವುದೂ ಇದೇ ಬೆರಳುಗಳೇ ಅಲ್ವಾ? 'ಯಾವಾಗಿಂದ ಬರೆಸ್ತೀರಿ?' ಅಂತ ಜೂನ್‌ನಿಂದ ಕೇಳುತ್ತಿದ್ದ ಅಮ್ಮನೊಬ್ಬರಿಗೆ ನಾನು ಒಂದು ಬಟ್ಟಲು ಹಿತಕಿದ ಬೇಳೆ ತೋರಿಸಿ, "ಬರೆಸ್ತಾ ಇದ್ದೀವಲ್ಲ" ಅಂದಿದ್ದೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಬೇಳೆ ಕೊಂಡೊಯ್ದರು.

ಐದು ವರ್ಷದವರಿಗೆ ಎಣಿಕೆ ಸೇರಿಸಿ. ಎರಡು ಕಾಳಿನ ಕಾಯಿ, ಮೂರರದು, ನಾಲ್ಕರದು ಅಂತ ಸಾಲು ಮಾಡಿಸಿ. ಯಾವ ಸಾಲು ಉದ್ದ? ಕಾಯಿ ಒಡೆಯುವ ಮೊದಲೇ ಹೊರಗಿನ ಉಬ್ಬು ಮುಟ್ಟಿ ಎಷ್ಟಿದೆ ಅಂತ ಊಹಿಸುವ ಆಟ ಇನ್ನೂ ಮಜಾ. ಒಂದೂ ಕಾಳಿಲ್ಲದ ಜೊಳ್ಳು ಕಾಯಿ ಸಿಕ್ಕರೆ ಎಸೆಯಬೇಡಿ. ಸೊನ್ನೆ ಅಂದರೇನು ಅಂತ ತೋರಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಹುಳು ಬಂದೇ ಬರುತ್ತದೆ. ಒಬ್ಬರು ಕಿರುಚಿದರೆ ಎಲ್ಲರೂ ಕಿರುಚುತ್ತಾರೆ. ಹುಳುವನ್ನು ಗಾಜಿನ ಲೋಟಕ್ಕೆ ಹಾಕಿ, ಭೂತಗನ್ನಡಿ ಕೊಡಿ. ಅದಕ್ಕೆ ಕಾಲು ಎಲ್ಲೆಲ್ಲಿವೆ, ಹೇಗೆ ಸರಿಯುತ್ತೆ, ಯಾವ ತೂತಿನಿಂದ ಒಳಗೆ ಹೋಯ್ತು. ಕಳೆದ ವರ್ಷ ನಾಲ್ಕು ವರ್ಷದ ಹುಡುಗಿಯೊಬ್ಬಳು ಅರ್ಧ ಗಂಟೆ ಲೋಟದ ಮುಂದೆ ಮಲಗಿದ್ದಳು, ಗಲ್ಲಕ್ಕೆ ಕೈಯಿಟ್ಟು. ಬೆಲ್ ಹೊಡೆದು ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ, ಪುಣ್ಯಕ್ಕೆ. 1939ರ ನವೆಂಬರ್‌ನಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದ ಮಾಂಟೆಸರಿ ಯುದ್ಧದ ನಡುವೆ 1942ರಿಂದ ಎರಡು ವರ್ಷ ಕೊಡೈಕೆನಾಲ್‌ನಲ್ಲಿದ್ದರು. ದೊಡ್ಡ ಮಕ್ಕಳಿಗಾಗಿ ಅವರು ಕಟ್ಟಿದ ಪಾಠಕ್ರಮ ರೂಪುಗೊಂಡದ್ದು ಅಲ್ಲಿನ ಗಿಡ, ಹುಳು, ಕಲ್ಲುಗಳ ನಡುವೆಯೇ. ನಮ್ಮ ಹುಳುವಿಗೂ ಅಷ್ಟು ಮರ್ಯಾದೆ ಇರಲಿ.

ಎಚ್ಚರಿಕೆ ಎರಡು. ಹಸಿ ಕಾಳು ಬಾಯಿಗೆ ಹಾಕಬಾರದು, ಬೇಯಿಸಿದ ಮೇಲೆ ಮಾತ್ರ. ಮತ್ತೆ ಕಾಳು ಮೂಗು, ಕಿವಿಗೆ ಹೋಗುವ ವಯಸ್ಸಿನ ಮಕ್ಕಳಿದ್ದರೆ ಎದ್ದುಹೋಗುವ ನನ್ನ ಸಲಹೆ ಕೇಳಬೇಡಿ, ಅಲ್ಲೇ ಕೂತಿರಿ. ಕೆಲಸ ಮುಗಿದ ಮೇಲೆ ಬೆರಳು ಅಂಟಂಟು, ಸೊಗಡು ವಾಸನೆ. ಉಗುರುಬೆಚ್ಚನೆ ನೀರಲ್ಲಿ ಕೈ ತೊಳೆದು, ಒರೆಸಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ. ಚಳಿಗೆ ಒಡೆಯುವ ಚರ್ಮಕ್ಕೆ ಅದೂ ಆಯಿತು.

ಕಿತ್ತಳೆಯದೂ ಇದೇ ದಾರಿ. ಮೇಲ್ಗಡೆ ಒಂದು ಸೀಳು ನೀವು ಹಾಕಿಕೊಡಿ, ಉಳಿದದ್ದು ಮಗು ನೋಡಿಕೊಳ್ಳುತ್ತೆ.

ತಣ್ಣಗೆ, ಬೆಚ್ಚಗೆ

ಇದಕ್ಕೆ ಐದು ನಿಮಿಷ ಸಾಕು. ಬೆಳಗ್ಗೆ ಒಂದು ಸ್ಟೀಲ್ ಮುಚ್ಚಳ, ಒಂದು ಮರದ ಮಣೆ, ಒಂದು ಉಣ್ಣೆಯ ತುಂಡು ಸಾಲಾಗಿಡಿ. ಮೂರೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದಿರಬೇಕು. ಮಗು ಕಣ್ಣು ಮುಚ್ಚಿ ಮಣಿಕಟ್ಟಿನ ಒಳಭಾಗದಿಂದ ಮುಟ್ಟಲಿ. ಸ್ಟೀಲ್ ತಣ್ಣಗೆ, ಉಣ್ಣೆ ಬೆಚ್ಚಗೆ. ನಿಜ ಹೇಳಬೇಕಂದ್ರೆ ಮೂರರ ತಾಪಮಾನವೂ ಒಂದೇ. ಲೋಹ ನಮ್ಮ ಚರ್ಮದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತೆ, ಉಣ್ಣೆ ಎಳೆಯಲ್ಲ. ಇದನ್ನು ಮೂರು ವರ್ಷದವರಿಗೆ ವಿವರಿಸಲು ಹೋಗಬೇಡಿ. ಅವರಿಗೆ ಪದ ಸಾಕು. ಮೊದಲು "ಇದು ತಣ್ಣಗೆ, ಇದು ಬೆಚ್ಚಗೆ". ಆಮೇಲೆ "ತಣ್ಣಗಿರೋದನ್ನ ಕೊಡು". ಕೊನೆಗೆ ಕೈಗೆ ಕೊಟ್ಟು "ಇದು ಹೇಗಿದೆ?" ಮಾಂಟೆಸರಿಯಲ್ಲಿ ಹೊಸ ಪದ ಕಲಿಸುವುದು ಯಾವತ್ತೂ ಈ ಮೂರು ಮೆಟ್ಟಿಲಲ್ಲೇ. ಎರಡನೇದರಲ್ಲಿ ತಡವರಿಸಿದರೆ ಮೂರನೇದಕ್ಕೆ ಹೋಗದೆ ನಾಳೆಗೆ ಬಿಡಿ.

ಎಳ್ಳು-ಬೆಲ್ಲ ಬೀರುವುದು

ಕೊಬ್ಬರಿ, ಬೆಲ್ಲ ಹೆಚ್ಚುವುದು ದೊಡ್ಡವರ ಕೆಲಸ, ಒಣಗಿಸುವುದು ಬಿಸಿಲಿನ ಕೆಲಸ. ಮಕ್ಕಳ ಪಾಲಿಗೆ ಹುರಿದ ಕಡಲೆಬೀಜ ಇದೆ. ಆರಿದ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಅಂಗಳಕ್ಕೆ ಹೋಗಿ ಊದಿ. ಕೆಂಪು ಸಿಪ್ಪೆ ತಲೆಗೂದಲಿಗೆಲ್ಲ ಹಾರುವುದೇ ಅರ್ಧ ಹಬ್ಬ. ಆಮೇಲೆ ಅಳತೆ: ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ತಲಾ ಒಂದು ಬಟ್ಟಲು, ಎಳ್ಳು ಅರ್ಧ. ಸಣ್ಣ ಮಕ್ಕಳು ಇಡೀ ಕಡಲೆಬೀಜ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಐದು ವರ್ಷದೊಳಗಿನವರ ಪಾಲನ್ನು ಸಣ್ಣಗೆ ಕುಟ್ಟಿಬಿಡಿ. ಎಳ್ಳು, ಕಡಲೆಬೀಜ ಯಾರಿಗಾದರೂ ಅಲರ್ಜಿಯಾ ಅಂತ ಮೊದಲೇ ಕೇಳಿಕೊಳ್ಳಿ.

ಮಾಂಟೆಸರಿಯಲ್ಲಿ ನಯ-ವಿನಯಕ್ಕೂ ಬೇರೆಯೇ ಪಾಠಗಳಿವೆ. ಬಾಗಿಲು ತಟ್ಟುವುದು, ಕಾಯುವುದು, ಕೊಡುವುದು, ತೆಗೆದುಕೊಳ್ಳುವುದು. ಎಳ್ಳು ಬೀರುವುದರಲ್ಲಿ ಅವೆಲ್ಲ ಒಟ್ಟಿಗೆ ಬಂದವಲ್ಲ! ಹಿಂದಿನ ದಿನ ಮನೆಯಲ್ಲೇ ನಾಟಕ ಮಾಡಿ ನೋಡಿ. ಬೆಲ್ ಒಂದೇ ಸಲ ಒತ್ತು. ಬಾಗಿಲು ತೆರೆಯೋವರೆಗೂ ಕಾಯಿ. ತಟ್ಟೆ ಮುಂದೆ ಹಿಡಿದು "ಎಳ್ಳು-ಬೆಲ್ಲ ತಗೊಳ್ಳಿ" ಅನ್ನು. ಅಸಲಿ ದಿನ ಮಗು ನಾಚಿಕೊಂಡು ನಿಮ್ಮ ಸೆರಗಿನ ಹಿಂದೆ ಹೋದರೆ "ಹೇಳು, ಹೇಳು" ಅಂತ ತಿವಿಯಬೇಡಿ. ನೀವೇ ಹೇಳಿಬಿಡಿ. ಮೂರನೇ ಮನೆಗೆ ಅದೇ ಹೇಳುತ್ತೆ.

ನೆರಳಿನ ದಾರ

ಇದನ್ನು ಡಿಸೆಂಬರ್ 21 ಅಥವಾ 22ಕ್ಕೆ ಶುರುಮಾಡಿ. ಅಂದು ನಮಗೆ ವರ್ಷದ ಅತಿ ಗಿಡ್ಡ ಹಗಲು, ನಡುಹಗಲಿನ ನೆರಳು ಮಾತ್ರ ಅತಿ ಉದ್ದ. ಸೂರ್ಯ ಉತ್ತರಕ್ಕೆ ತಿರುಗುವುದೂ ಆಗಲೇ, ಸಂಕ್ರಾಂತಿ ದಿನವಲ್ಲ. ಇದನ್ನು ಹೇಳಿದಾಗ ನಮ್ಮತ್ತೆ ಒಪ್ಪಲಿಲ್ಲ.

ಮಾಂಟೆಸರಿ ಶಾಲೆಯಲ್ಲಿ ಹತ್ತು ಕೆಂಪು ಕೋಲುಗಳಿರುತ್ತವೆ, 10 ಸೆಂಟಿಮೀಟರ್‌ನಿಂದ ಒಂದು ಮೀಟರ್‌ವರೆಗೆ. ಅದರಲ್ಲಿ ಅತಿ ಉದ್ದದ್ದರಷ್ಟೇ, ಅಂದರೆ ಒಂದು ಮೀಟರ್ ಎತ್ತರದ ಕೋಲನ್ನು ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿ. ಎತ್ತರ ಅಳೆಯುವುದು ನೆರಳು ಬೀಳುವ ನೆಲದಿಂದ ಕೋಲಿನ ತುದಿಯವರೆಗೆ, ಹಾಗಾಗಿ ಕುಂಡದ ಎತ್ತರವೂ ಆ ಒಂದು ಮೀಟರ್‌ನಲ್ಲೇ ಸೇರಿರಲಿ, ಕುಂಡವನ್ನು ನೆಲದಲ್ಲಿ ಹೂತರೆ ಇನ್ನೂ ಒಳ್ಳೆಯದು. ನಮ್ಮ ಗಡಿಯಾರ ನಡೆಯುವುದು ಪೂರ್ವದ ಕಡೆ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಾಗಾಗಿ ಬೆಂಗಳೂರಿನಲ್ಲಿ ನೆರಳು ಅತಿ ಗಿಡ್ಡವಾಗುವುದು 12ಕ್ಕಲ್ಲ. ಡಿಸೆಂಬರ್ ಕೊನೆಗೆ 12.20ರ ಸುಮಾರು, ಜನವರಿ ಮಧ್ಯಕ್ಕೆ 12.30.

ನೆರಳಿನ ಬುಡದಿಂದ ತುದಿಯವರೆಗೆ ಮಗು ಬಣ್ಣದ ದಾರ ಹಿಡಿಯಲಿ, ನೀವು ಕತ್ತರಿಸಿ. ಬೆಂಗಳೂರಿನಲ್ಲಿ ಮೊದಲ ದಾರ ಸುಮಾರು 74 ಸೆಂಟಿಮೀಟರ್ ಬರುತ್ತದೆ. ಬೀದರ್‌ನಲ್ಲಿ ಅದೇ ಕೋಲಿನ ನೆರಳು 88ರ ಹತ್ತಿರ. ಅಲ್ಲಿ ಅಜ್ಜಿ ಮನೆ ಇದ್ದವರು ಫೋನ್ ಮಾಡಿ ಕೇಳಬಹುದು. ದಾರಕ್ಕೆ ದಿನಾಂಕದ ಚೀಟಿ ಅಂಟಿಸಿ ಗೋಡೆಗೆ ತೂಗುಹಾಕಿ. ವಾರಕ್ಕೊಂದು ದಾರ, ಅಕ್ಕಪಕ್ಕ. ಮೊದಲೆರಡು ವಾರ ಏನೂ ಬದಲಾದ ಹಾಗೆ ಕಾಣಲ್ಲ. ಸಂಕ್ರಾಂತಿ ಹೊತ್ತಿಗೆ 68. ಅಲ್ಲಿಂದ ಸರಸರ ಇಳಿಯುತ್ತದೆ, ಫೆಬ್ರುವರಿ ಕೊನೆಗೆ 40ಕ್ಕಿಂತ ಕಡಿಮೆ. ಬೇಕಾದರೆ ಏಪ್ರಿಲ್ 24ರವರೆಗೂ ಮುಂದುವರಿಸಿ. ಅಂದು ಬೆಂಗಳೂರಿನಲ್ಲಿ ದಾರವೇ ಬೇಕಾಗಲ್ಲ.

ಮೋಡ ಮುಚ್ಚಿದ ವಾರ ಬಂದರೆ ಆ ಮೊಳೆಯನ್ನು ಖಾಲಿ ಬಿಡಿ. ಅಂದಾಜಿನ ದಾರ ಕಟ್ಟಬೇಡಿ, ಮಕ್ಕಳು ಕೇಳುತ್ತಾರೆ.