ಜಾಡಿಯ ಚಿಲ್ಲರೆ ನೋಟಾಗುವ ಬಗೆ

ನೋಟು ಮುರಿಸುವುದು ಎಂಬ ಮಾತು ಕನ್ನಡದಲ್ಲಿದೆ. ಮುರಿದ ಚೂರುಗಳನ್ನು ಒಟ್ಟುಗೂಡಿಸಿ ಮತ್ತೆ ನೋಟು ಮಾಡಿಸಿಕೊಳ್ಳುವುದಕ್ಕೆ ಅಂಥದೊಂದು ಮಾತು ನನಗೆ ಇನ್ನೂ ಸಿಕ್ಕಿಲ್ಲ. ಹಿಂದೆ ಅದರ ಅಗತ್ಯವೂ ಅಷ್ಟಾಗಿ ಬೀಳುತ್ತಿರಲಿಲ್ಲ. ಚಿಲ್ಲರೆ ಬಂದಷ್ಟೇ ವೇಗದಲ್ಲಿ ಬಸ್ಸಿಗೆ, ಹೂವಿಗೆ, ಕೊತ್ತಂಬರಿ ಸೊಪ್ಪಿಗೆ ಹೋಗಿಬಿಡುತ್ತಿತ್ತು.

ನಮ್ಮ ಮನೆಯಲ್ಲಿ ಅದು ಸೇರುವುದು ಅಡುಗೆಮನೆಯ ಅಟ್ಟದ ಮೇಲಿನ ಪಿಂಗಾಣಿ ಜಾಡಿಗೆ. ಒಂದು ಕಾಲದಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇದ್ದ ಜಾಡಿ. ಬೆಳಿಗ್ಗೆ ಕಚೇರಿಗೆ ಹೊರಡುವಾಗ ಅದಕ್ಕೆ ಕೈಹಾಕಿ ಬಸ್ಸಿಗೆಂದು ಒಂದು ಹಿಡಿ ಎತ್ತಿಕೊಳ್ಳುತ್ತಿದ್ದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಯಿತು, ನಾನು ಜಾಡಿಯಿಂದ ತೆಗೆಯುವುದು ನಿಂತಿತು. ಮನೆಯವರು ಅಂಗಿಯ ಜೇಬು ಖಾಲಿ ಮಾಡಿ ಅದಕ್ಕೆ ಸುರಿಯುವುದು ಮಾತ್ರ ನಿಲ್ಲಲಿಲ್ಲ. ಮೊನ್ನೆ ದೂಳು ಒರೆಸಲು ಹೋದರೆ ಜಾಡಿಯನ್ನು ಒಂದು ಕೈಯಲ್ಲಿ ಎತ್ತಲಾಗಲಿಲ್ಲ.

ನಿಮ್ಮ ಮನೆಯ ಜಾಡಿಯೋ ಡಬ್ಬವೋ ಗೋಲಕವೋ ಹೀಗೆಯೇ ಭಾರವಾಗಿದ್ದರೆ ಅದನ್ನು ಹಾಗೆಯೇ ಹೊತ್ತುಕೊಂಡು ಬ್ಯಾಂಕಿಗೆ ಹೋಗಬೇಡಿ. ನಾನು ಹೋಗಿ ಪಾಠ ಕಲಿತಿದ್ದೇನೆ. ಗಾಜಿನ ಆಚೆಯಿದ್ದವರು ಚೀಲವನ್ನು ಒಮ್ಮೆ, ನನ್ನ ಹಿಂದಿನ ಸಾಲನ್ನು ಒಮ್ಮೆ ನೋಡಿ, "ಮೇಡಂ, ಇದನ್ನೆಲ್ಲ ಎಣಿಸುತ್ತಾ ಕುಳಿತರೆ ಇವರನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ?" ಎಂದರು. ನಿಯಮದ ಪ್ರಕಾರ ಅವರು ಹಾಗೆ ಕಳುಹಿಸುವಂತಿಲ್ಲ. ಆದರೆ ಸಾಲಿನಲ್ಲಿ ನನ್ನ ಹಿಂದೆ ಪಿಂಚಣಿಗೆಂದು ನಿಂತಿದ್ದ ಅಜ್ಜನ ಮುಖ ನೋಡಿದಾಗ ಕ್ಯಾಷಿಯರ್ ಮೇಲೆ ಸಿಟ್ಟು ಮಾಡಿಕೊಳ್ಳಲು ಮನಸ್ಸಾಗಲಿಲ್ಲ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಮನೆಯ ನೆಲದ ಮೇಲೆಯೇ ಮುಗಿಯಬೇಕು.

ಮೊದಲು ಬೇರ್ಪಡಿಸಿ

ಹಳೆಯ ದಿನಪತ್ರಿಕೆ ಹಾಸಿ ಎಲ್ಲವನ್ನೂ ಸುರಿಯಿರಿ. ನಾಣ್ಯಗಳ ಜೊತೆ ಸೇಫ್ಟಿ ಪಿನ್ನು, ಅಂಗಿಯ ಗುಂಡಿ, ಅರ್ಧ ಕರಗಿದ ಕರ್ಪೂರ ಕೂಡ ಉದುರುತ್ತವೆ. ಅವನ್ನು ಆರಿಸಿ ತೆಗೆಯಿರಿ. ದೇವರ ಮುಂದಿನ ತಟ್ಟೆಯಿಂದ ಬಂದವು ಎಣ್ಣೆ, ಕುಂಕುಮದಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವುಗಳಿಗೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸಾಕು. ಹುಣಸೆಹಣ್ಣು ಹಾಕಿ ಫಳಫಳ ಮಾಡುವ ಉತ್ಸಾಹ ಬೇಡ, ಹೊಳೆದರೆ ಬೆಲೆ ಹೆಚ್ಚುವುದಿಲ್ಲ. ತೊಳೆದವನ್ನು ಚೆನ್ನಾಗಿ ಒಣಗಿಸಿ. ಒದ್ದೆ ನಾಣ್ಯ ಪ್ಲಾಸ್ಟಿಕ್ ಚೀಲದೊಳಗೆ ವಾಸನೆ ಹಿಡಿಯುತ್ತದೆ.

ಈಗ ಚಲಾವಣೆಯಲ್ಲಿ ಇಲ್ಲದವನ್ನು ಬದಿಗಿಡಿ. ಇಪ್ಪತ್ತೈದು ಪೈಸೆ, ಅಂದರೆ ನಾಲ್ಕಾಣೆ, ಮತ್ತು ಅದಕ್ಕಿಂತ ಕೆಳಗಿನವೆಲ್ಲ 2011ರ ಜೂನ್ 30ರಿಂದ ರದ್ದಾಗಿವೆ. ಯಾವ ಬ್ಯಾಂಕೂ ಅವನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಎಂಟಾಣೆ ರದ್ದಾಗಿಲ್ಲ. ಅಂಗಡಿಯಲ್ಲಿ ಐವತ್ತು ಪೈಸೆ ಕೊಟ್ಟರೆ ನಗುತ್ತಾರೆ, ಕಾನೂನು ನಗುವುದಿಲ್ಲ. ಸರಪಳಿಗೆಂದು ತೂತು ಕೊರೆದದ್ದು, ಮಕ್ಕಳು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು ಇದ್ದರೆ ಅವೂ ಬದಿಗೆ, ವಿರೂಪಗೊಂಡ ನಾಣ್ಯಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಕರಾವಳಿಯ ಮನೆಗಳಲ್ಲಾದರೆ ಗಲ್ಫ್‌ನಿಂದ ಬಂದ ದಿರ್ಹಂ ಒಂದೆರಡು ಸೇರಿಕೊಂಡಿರುವುದೂ ಉಂಟು, ಅದನ್ನೂ ನೋಡಿಕೊಳ್ಳಿ.

ಹತ್ತು ರೂಪಾಯಿ ನಾಣ್ಯದ ಬಗ್ಗೆ ನಮ್ಮ ರಾಜ್ಯದಲ್ಲಿ ಎಷ್ಟು ಸಲ ವದಂತಿ ಹಬ್ಬಿದೆಯೋ ಲೆಕ್ಕವಿಲ್ಲ. ರೂಪಾಯಿ ಚಿಹ್ನೆ ಇಲ್ಲದಿದ್ದರೆ ನಕಲಿ, ಗೆರೆಗಳು ಹದಿನೈದಿದ್ದರೆ ನಕಲಿ, ಹೀಗೆ. ಚಿಹ್ನೆಯೇ ಬಂದದ್ದು 2010ರಲ್ಲಿ, ನಾಣ್ಯ ಅದಕ್ಕೂ ಮೊದಲೇ ಬಂದಿತ್ತು. ಹಾಗಿರುವಾಗ ಹಳೆಯದರ ಮೇಲೆ ಅದು ಎಲ್ಲಿಂದ ಬರಬೇಕು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಯವರೆಗೆ ಹೊರಬಂದಿದ್ದ 14 ವಿನ್ಯಾಸಗಳೂ ಸಾಚಾ ಎಂದು ಪ್ರಕಟಣೆಯನ್ನೇ ಕೊಟ್ಟಿತು. ಇಪ್ಪತ್ತು ರೂಪಾಯಿಯದು ಹನ್ನೆರಡು ಮೂಲೆಯದು. ಹತ್ತರದಕ್ಕೆ ಹೊರಗಿನ ಬಳೆ ಹಳದಿ, ಇದಕ್ಕೆ ಒಳಗಿನ ಬಿಲ್ಲೆ ಹಳದಿ. ಅವಸರದಲ್ಲಿ ಎರಡೂ ಒಂದೇ ರಾಶಿಗೆ ಬಿದ್ದರೆ ಪ್ರತಿಯೊಂದಕ್ಕೂ ಹತ್ತು ರೂಪಾಯಿ ನಷ್ಟ.

ಎಣಿಸುವ ಉಪಾಯ

ಒಂದೊಂದಾಗಿ ಎಣಿಸಿದರೆ ಇನ್ನೂರು ದಾಟುವಷ್ಟರಲ್ಲಿ ಕರೆಗಂಟೆ ಬಾರಿಸುತ್ತದೆ, ಲೆಕ್ಕ ತಪ್ಪುತ್ತದೆ. ಅದರ ಬದಲು ಒಂದು ಬಗೆಯ ಇಪ್ಪತ್ತು ನಾಣ್ಯಗಳನ್ನು ಎಣಿಸಿ ಒಂದು ಕಂಬ ನಿಲ್ಲಿಸಿ. ಪಕ್ಕದಲ್ಲಿ ಅದೇ ಎತ್ತರಕ್ಕೆ ಇನ್ನೊಂದು, ಮತ್ತೊಂದು. ಮೇಲೆ ಅಂಗೈ ಇಟ್ಟು ಸವರಿದರೆ ಒಂದು ನಾಣ್ಯದ ಹೆಚ್ಚು ಕಡಿಮೆಯೂ ತಿಳಿಯುತ್ತದೆ. ಐದು ಕಂಬ ಸೇರಿದರೆ ನೂರು.

ಈ ಉಪಾಯ ಫಲಿಸಬೇಕಾದರೆ ಒಂದು ಕಂಬದಲ್ಲಿ ಒಂದೇ ತಲೆಮಾರಿನ ನಾಣ್ಯ ಇರಬೇಕು. ನಮ್ಮ ಒಂದು ರೂಪಾಯಿಗೆ ಎಷ್ಟು ಅವತಾರ! 2011ರ ಸರಣಿಯದು 3.79 ಗ್ರಾಂ, 2019ರದು 3.09 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸಂಖ್ಯೆ ಕಂಡುಹಿಡಿಯುತ್ತೇನೆ ಎಂದು ಹೊರಟವರಿಗೆ ನೂರು ನಾಣ್ಯಕ್ಕೆ 70 ಗ್ರಾಂ ವ್ಯತ್ಯಾಸ ಬರುವುದು ಇದರಿಂದಲೇ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. 1992ರಿಂದ 2004ರವರೆಗಿನ ಉಕ್ಕಿನ ಒಂದು ರೂಪಾಯಿಯೂ 2011ರ ಸರಣಿಯ ಎರಡು ರೂಪಾಯಿಯೂ ಅಗಲದಲ್ಲಿ 25 ಮಿಲಿಮೀಟರ್, ತೂಕದಲ್ಲಿ 4.85 ಗ್ರಾಂ. ಕೈಗೂ ತಕ್ಕಡಿಗೂ ಅವು ಅವಳಿ ಮಕ್ಕಳು, ಅಂಕಿ ಓದಿದರೆ ಮಾತ್ರ ಬೇರೆ. ಹಾಗಾಗಿ ಎರಡರ ರಾಶಿಯನ್ನು ಎರಡು ಸಲ ನೋಡಿ.

ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ಕುಳಿತ ಮೇಲೆ ನನ್ನ ಲೆಕ್ಕ ಹೀಗೆ ಬಂತು. ಒಂದು ರೂಪಾಯಿಯವು 312, ಎರಡರದು 268, ಐದರದು 141, ಹತ್ತರದು 47, ಎಂಟಾಣೆ 9. ಒಟ್ಟು 777 ನಾಣ್ಯ, 2,027 ರೂಪಾಯಿ 50 ಪೈಸೆ. ಬೆರಳ ತುದಿಯೆಲ್ಲ ಕಪ್ಪಾಗಿ, ಕಬ್ಬಿಣದ ಸರಳು ಹಿಡಿದ ವಾಸನೆ.

ನೂರು ತುಂಬಿದವನ್ನು ಒಂದೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಚೀಟಿಯಲ್ಲಿ '2 ರೂ. × 100 = 200' ಎಂದು ಬರೆದಿಡಿ. ಇದು ನನ್ನ ಶಿಸ್ತಿನ ಹುಚ್ಚಲ್ಲ. ಬ್ಯಾಂಕುಗಳು ನಾಣ್ಯವನ್ನು ತೂಗಿ ತೆಗೆದುಕೊಳ್ಳುವುದು ಲೇಸು, ನೂರರ ಪಾಲಿಥಿನ್ ಚೀಲದಲ್ಲಿ ಬಂದರೆ ಕ್ಯಾಷಿಯರ್‌ಗೂ ಗ್ರಾಹಕರಿಗೂ ಅನುಕೂಲ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲೇ ಇದೆ.

ಬ್ಯಾಂಕಿಗಿಂತ ಮೊದಲು ದಿನಸಿ ಅಂಗಡಿ

ನನ್ನನ್ನು ಕೇಳಿದರೆ, ಬ್ಯಾಂಕು ಎರಡನೆಯ ಬಾಗಿಲು. ಬ್ಯಾಂಕಿಗೆ ನಿಮ್ಮ ನಾಣ್ಯ ಹೊರೆ. ಗಲ್ಲಾದ ಹಿಂದೆ ಕುಳಿತು ದಿನವಿಡೀ "ಚಿಲ್ಲರೆ ಕೊಡಿ" ಎನ್ನುವವರಿಗೆ ಅದೇ ನಾಣ್ಯ ಬೇಕಾದ ಸರಕು. ದಿನಸಿ ಅಂಗಡಿ, ಬೇಕರಿ, ಚಹಾದಂಗಡಿ, ಜೆರಾಕ್ಸ್ ಅಂಗಡಿ, ದೇವಸ್ಥಾನದ ಎದುರು ಹೂವು ಮಾರುವವರು, ಇವರಲ್ಲಿ ಯಾರನ್ನಾದರೂ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಸಂಜೆ ಏಳರ ನೂಕುನುಗ್ಗಲಿನಲ್ಲಿ ಚೀಲ ಹಿಡಿದು ನಿಲ್ಲಬೇಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿಯವರು ತೂಕಡಿಸುತ್ತಿರುತ್ತಾರೆ, ಎಣಿಸಲು ಬೇಸರವಿರುವುದಿಲ್ಲ.

ನಮ್ಮ ಬೀದಿಯ ಅಂಗಡಿಯವರು ಚೀಲ ಬಿಚ್ಚಿ, ಎರಡು ರೂಪಾಯಿಯ ಇಪ್ಪತ್ತನ್ನು ಎಡ ಅಂಗೈಯಲ್ಲಿ ಜೋಡಿಸಿಕೊಂಡು, ಬಲ ಹೆಬ್ಬೆರಳಿನಿಂದ ಇಸ್ಪೀಟೆಲೆಯ ಹಾಗೆ ಸರಸರನೆ ಜಾರಿಸಿದರು. ಮಧ್ಯದಲ್ಲಿ ಬೆರಳು ನಿಂತಿತು. "ಅಕ್ಕಾ, ಇದು ಒಂದು ರೂಪಾಯಿ." ಎರಡು ಸಲ ನೋಡಿ ಎಂದು ಮೇಲೆ ನಿಮಗೆ ಹೇಳಿದ್ದು ಆ ಅನುಭವದಿಂದಲೇ. ಜೇಬಿನ ಎರಡು ರೂಪಾಯಿ ಹಾಕಿ ಮಾನ ಉಳಿಸಿಕೊಂಡೆ, ಅವರು ಒಂದು ರೂಪಾಯಿ ವಾಪಸು ಕೊಟ್ಟರು. ಒಂದರ ಮೂರು ಚೀಲ, ಎರಡರ ಎರಡು ಚೀಲ ತೆಗೆದುಕೊಂಡು ಏಳು ನೂರು ರೂಪಾಯಿ ನೋಟು ಎಣಿಸಿದರು. ಐದರದು ಸಾಕಷ್ಟಿದೆ, ಹತ್ತರ ನಾಣ್ಯ ಗಿರಾಕಿಗಳು ಒಲ್ಲೆ ಎನ್ನುತ್ತಾರೆ, ಎಂಟಾಣೆ ಬೇಡವೇ ಬೇಡ ಎಂದರು.

ಅಂಗಡಿಯವರು ಒಲ್ಲೆ ಎಂದರೆ ಜಗಳಕ್ಕೆ ಇಳಿಯುವ ಮುನ್ನ ಕಾನೂನು ಗೊತ್ತಿರಲಿ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳು 1,000 ರೂಪಾಯಿವರೆಗಿನ ಪಾವತಿಗೆ ಮಾನ್ಯ, ಎಂಟಾಣೆಯಾದರೆ ಹತ್ತು ರೂಪಾಯಿವರೆಗೆ. ಇದು ಕೊಡಬೇಕಾದ ಹಣಕ್ಕೆ ಸಂಬಂಧಿಸಿದ ಮಾತು. ನಿಮ್ಮ ಜಾಡಿ ಖಾಲಿ ಮಾಡಿಕೊಡುವ ಕರ್ತವ್ಯ ಅಂಗಡಿಯವರಿಗಿಲ್ಲ. ನೂರಕ್ಕೆ ಐದು ರೂಪಾಯಿ ಹಿಡಿದುಕೊಳ್ಳುತ್ತೇನೆ ಎನ್ನುವವರು ಎದುರಾದರೆ ನಮಸ್ಕಾರ ಹೇಳಿ ಬನ್ನಿ, ಬ್ಯಾಂಕು ಇದೆ.

ಉಳಿದದ್ದು ಬ್ಯಾಂಕಿಗೆ

ಸಣ್ಣ ಮುಖಬೆಲೆಯ ನೋಟನ್ನಾಗಲಿ ನಾಣ್ಯವನ್ನಾಗಲಿ ಬ್ಯಾಂಕಿನ ಯಾವ ಶಾಖೆಯೂ ನಿರಾಕರಿಸುವಂತಿಲ್ಲ. ಜಮೆ ಮಾಡಲೂ ಬಹುದು, ಬದಲಿಸಿಕೊಳ್ಳಲೂ ಬಹುದು. ಅಂಗಡಿಗಿರುವ ಸಾವಿರದ ಮಿತಿ ಇಲ್ಲಿಲ್ಲ. ಹಣ ಹಾಕುವ ಯಂತ್ರ ನಾಣ್ಯ ತೆಗೆದುಕೊಳ್ಳುವುದಿಲ್ಲ, ಕೌಂಟರ್ ಒಂದೇ ದಾರಿ. ಕೆಲವೆಡೆ ಇಟ್ಟಿರುವ ನಾಣ್ಯದ ಯಂತ್ರಗಳು ನಾಣ್ಯ ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

ದಿನ ನೋಡಿಕೊಂಡು ಹೋಗಿ. ತಿಂಗಳ ಮೊದಲ ವಾರ, ಸೋಮವಾರ, ರಜೆಯ ಮರುದಿನ ಬೇಡ. ಎರಡನೆಯ, ನಾಲ್ಕನೆಯ ಶನಿವಾರ ಬಾಗಿಲೇ ತೆರೆಯುವುದಿಲ್ಲ. ತಿಂಗಳ ನಡುವಿನ ಬುಧವಾರವೋ ಗುರುವಾರವೋ ಆದರೆ ಒಳ್ಳೆಯದು. ಹಿಂದಿನ ದಿನ ಒಂದು ಮಾತು ಹೇಳಿ ಬಂದರೆ ಇನ್ನೂ ಒಳ್ಳೆಯದು. ಖಾತೆಗೆ ಜಮೆ ಮಾಡುವುದಾದರೆ ಚಲನ್‌ನಲ್ಲಿ ಯಾವ ನಾಣ್ಯ ಎಷ್ಟು ಎಂದು ತುಂಬಿ, ನಾಣ್ಯಕ್ಕೆ ಶುಲ್ಕವೇನಾದರೂ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ನಿರಾಕರಿಸಿದರೆ ಕ್ಯಾಷಿಯರ್ ಜೊತೆ ವಾದ ಬೇಡ, ನೇರವಾಗಿ ಮ್ಯಾನೇಜರ್ ಬಳಿ ಹೋಗಿ. ಆಗುವುದಿಲ್ಲ ಎಂಬುದನ್ನು ಬರೆದುಕೊಡಿ ಎಂದು ವಿನಯವಾಗಿ ಕೇಳಿದ ಮೇಲೆ ಬಹಳಷ್ಟು ಸಲ ಆಗುತ್ತದೆ. ಆಗದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನ ಕಾದು, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ವಿಚಾರಿಸಲು 14448 ಸಂಖ್ಯೆಗೆ ಕರೆ ಮಾಡಿ.

ಇಷ್ಟರ ನಡುವೆ ಯಾರಾದರೂ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಸಂದೇಶ ಕಳುಹಿಸಿದರೆ ಅಳಿಸಿಹಾಕಿ. ಇಂಥ ಮೋಸದ ಬಗ್ಗೆ 2021ರಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿದೆ.

ಹೋಗುವ ಮೊದಲು ಮಾಡಬೇಕಾದ ಇನ್ನೊಂದು ಸಣ್ಣ ಕೆಲಸವಿದೆ. ಒಟ್ಟು ಮೊತ್ತ ಹತ್ತರಿಂದ, ಸಾಧ್ಯವಾದರೆ ನೂರರಿಂದ ಭಾಗವಾಗುವಂತೆ ನೋಡಿಕೊಳ್ಳಿ, ಹೆಚ್ಚಿದ್ದನ್ನು ಮನೆಯಲ್ಲೇ ಬಿಡಿ. ನಾನು ಇದನ್ನು ಯೋಚಿಸದೆ ಉಳಿದ 1,327 ರೂಪಾಯಿ 50 ಪೈಸೆಯನ್ನೂ ಕೌಂಟರ್‌ನಲ್ಲಿ ಇಟ್ಟೆ. ಕ್ಯಾಷಿಯರ್ ಈ ಸಲ ಮುಖ ಸಿಂಡರಿಸದೆ ಚೀಟಿಗಳನ್ನು ಓದಿ, ಒಂದು ಚೀಲ ಬಿಚ್ಚಿ ಪರೀಕ್ಷಿಸಿ, ಎಂಟಾಣೆಗಳನ್ನೂ ಎಣಿಸಿಕೊಂಡರು. 1,320 ರೂಪಾಯಿಗೆ ನೋಟು ಕೊಟ್ಟರು. ಆಮೇಲೆ ಡ್ರಾಯರ್ ಎಳೆದು ಒಂದು ಐದು, ಒಂದು ಎರಡು, ನಾನೇ ತಂದಿದ್ದ ಒಂದು ಎಂಟಾಣೆ ಗಾಜಿನ ಕೆಳಗಿನಿಂದ ನನ್ನತ್ತ ಜಾರಿಸಿದರು.